ಲಿವರ್‌ಪೂಲ್ ಬೇಕಾ, ಎವರ್ಟನ್ ಬೇಕಾ?

ಇಂಗ್ಲೆಂಡ್‌ನ ಒಂದೇ ಊರಿನ ಈ ಎರಡು ಫುಟ್‌ಬಾಲ್ ಕ್ಲಬ್‌ಗಳಲ್ಲಿ ಮಾಲೀಕನಾಗುವವನಿಗೆ ಯಾವುದು ಲಾಭ, ಕಪ್ ಜಾಸ್ತಿ ಗೆದ್ದಿರುವ ಲಿವರ್‌ಪೂಲ್ ತಾನೇ ಅಂತ ಕೇಳಿದ್ದೀರಿ. ನಾನಾಗಿದ್ದರೆ ಎವರ್ಟನ್ ಕಡೆ ನೋಡುತ್ತಿದ್ದೆ.

ಲಿವರ್‌ಪೂಲ್ ದೊಡ್ಡ ಕ್ಲಬ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಅಗ್ಗಕ್ಕೆ ಕೊಳ್ಳುವ ಕಾಲ ಮುಗಿದುಹೋಯಿತು. 2010ರಲ್ಲಿ ಕ್ಲಬ್ ಸಾಲದಲ್ಲಿದ್ದಾಗ ಈಗಿನ ಅಮೆರಿಕದ ಮಾಲೀಕರು 30 ಕೋಟಿ ಪೌಂಡ್‌ಗೆ ಕೊಂಡರು. ಆಮೇಲೆ ಆನ್‌ಫೀಲ್ಡ್ ಸ್ಟೇಡಿಯಂ ದೊಡ್ಡದು ಮಾಡಿದರು, ದೇಶದ ಅಗ್ರ ಲೀಗ್ ಗೆದ್ದರು. ಆ ಬೆಳವಣಿಗೆಗೆಲ್ಲ ಈಗ ಕೊಳ್ಳುವವನೇ ದುಡ್ಡು ಕೊಡಬೇಕು, ಅಲ್ವಾ?

ಎವರ್ಟನ್ 1987ರ ನಂತರ ಲೀಗ್ ಗೆದ್ದಿಲ್ಲ. ಲೀಗ್ ಹಾಕಿರುವ ನಷ್ಟದ ಮಿತಿ ಮೀರಿದ್ದಕ್ಕೆ 2023-24ರಲ್ಲಿ ಒಟ್ಟು 8 ಅಂಕ ಕಳೆದುಕೊಂಡಿತು. ಆದರೆ 2025ರಲ್ಲಿ ಮರ್ಸಿ ನದಿ ದಂಡೆಯ ಹೊಸ ಸ್ಟೇಡಿಯಂಗೆ ಹೋಯಿತು. ಹಳೆಯ ಗುಡಿಸನ್ ಪಾರ್ಕ್‌ನಲ್ಲಿ ಸುಮಾರು 39 ಸಾವಿರ ಸೀಟು, ಅದರಲ್ಲೂ ಎಷ್ಟೋ ಸೀಟುಗಳಿಗೆ ಕಂಬ ಅಡ್ಡ. ಹೊಸದರಲ್ಲಿ ಸುಮಾರು 53 ಸಾವಿರ. ಪಂದ್ಯವಿಲ್ಲದ ದಿನವೂ ಅಲ್ಲಿ ಆದಾಯ ಇದೆ. ಅಮೆರಿಕದ ಕಂಪನಿ ಫ್ರೀಡ್‌ಕಿನ್ ಗ್ರೂಪ್ 2024ರ ಡಿಸೆಂಬರ್‌ನಲ್ಲಿ ಎವರ್ಟನ್ ಕ್ಲಬ್ ಕೊಂಡದ್ದು ನನಗೆ ಆಶ್ಚರ್ಯ ತರಲಿಲ್ಲ.

ನಿಜವಾದ ಭಯ ಬೇರೆ. ಪ್ರತಿ ವರ್ಷ ಕೊನೆಯ ಮೂರು ತಂಡಗಳು ಕೆಳಗಿನ ಲೀಗ್‌ಗೆ ಇಳಿಯುತ್ತವೆ. ಇಳಿದರೆ ಟಿವಿ ಹಣ ಕುಸಿಯುತ್ತದೆ, ಸಂಬಳದ ಹೊರೆ ಹಾಗೇ ಉಳಿಯಬಹುದು. ಆದ್ದರಿಂದ ಸುಮ್ನೆ ಟ್ರೋಫಿ ಎಣಿಸಬೇಡಿ. ಯಾವ ಕ್ಲಬ್ ಆದರೂ ಮೊದಲು ಆಟಗಾರರ ಒಪ್ಪಂದ ತೆಗೆದು ನೋಡಿ: ತಂಡ ಇಳಿದರೆ ಸಂಬಳವೂ ಇಳಿಯುತ್ತದೆ ಅಂತ ಬರೆದಿದೆಯಾ?