ಕೈತಪ್ಪಿದ ಡಿಸ್ಕ್ ಎಲ್ಲಿ ಬೀಳುತ್ತದೆ?

ಪ್ರಶ್ನೆ: ನಾನು ಅಮೆರಿಕದ ಶಾರ್ಲೆಟ್ ಊರಿನವನು, ಮೂರು ವರ್ಷದಿಂದ ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕನ್ನು ಆದಷ್ಟು ಕಡಿಮೆ ಎಸೆತಗಳಲ್ಲಿ ಸರಪಳಿಯ ಬಾಸ್ಕೆಟ್ಟಿಗೆ ಹಾಕುವ ಆಟ) ಆಡುತ್ತಿದ್ದೇನೆ. ನಮ್ಮ ಕ್ಲಬ್ಬಿನ ಒಂದು ದಿನದ ಟೂರ್ನಮೆಂಟ್‌ಗೆ ಕೋರ್ಸ್ ಲೇಔಟ್ ಹಾಕುವ ಕೆಲಸ ಈ ಸಲ ನನಗೆ ಬಂದಿದೆ. ಪಾರ್ಕಿನಲ್ಲಿ 9 ಬಾಸ್ಕೆಟ್ ಇವೆ, ಇನ್ನು 9 ತಾತ್ಕಾಲಿಕವಾಗಿ ಇಡಬೇಕು. ಸುಮಾರು 70 ಜನ ಆಡುತ್ತಾರೆ. ಒಳ್ಳೆಯ ಆಟಗಾರರಿಗೂ ಬೆವರಿಳಿಸುವ ಕೋರ್ಸ್ ಮಾಡುವ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆಸೆ ಒಳ್ಳೆಯದೇ, ಆದರೆ ಕಷ್ಟದಿಂದ ಶುರು ಮಾಡಬೇಡಿ. ಮೊದಲು ಒಂದು ಭಾನುವಾರ ಬೆಳಿಗ್ಗೆ ಡಿಸ್ಕ್ ಮನೆಯಲ್ಲೇ ಬಿಟ್ಟು ಪಾರ್ಕಿಗೆ ಹೋಗಿ, ಸುಮ್ನೆ ಓಡಾಡಿ. ನಾಯಿ ಹಿಡಿದುಕೊಂಡು ಬರುವವರು ಯಾವ ದಾರಿ ಹಿಡಿಯುತ್ತಾರೆ, ಮಕ್ಕಳ ಜೋಕಾಲಿ ಎಲ್ಲಿದೆ, ಕಾರು ಎಲ್ಲಿ ನಿಲ್ಲುತ್ತವೆ, ಎಲ್ಲಾ ನೋಡಿ. ಆಮೇಲೆ ಪ್ರತಿ ಟೀಯಲ್ಲೂ, ಅಂದರೆ ಮೊದಲ ಎಸೆತ ಎಸೆಯುವ ಜಾಗದಲ್ಲೂ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿಂದ ಕೈತಪ್ಪಿದ ಡಿಸ್ಕ್ ಎಲ್ಲಿ ಬೀಳುತ್ತದೆ?

ಬಲಗೈಯವರ ಬ್ಯಾಕ್‌ಹ್ಯಾಂಡ್ ಎಸೆತ (ಕೈಯನ್ನು ಎದೆಗೆ ಅಡ್ಡ ತಂದು ಎಸೆಯುವುದು) ವೇಗ ಕಳೆದುಕೊಳ್ಳುವಾಗ ಎಡಕ್ಕೆ ವಾಲುತ್ತದೆ, ಇದು ನಿಮಗೆ ಗೊತ್ತು. ಹಾಗಂತ ಎಡಗಡೆ ಮಾತ್ರ ಜಾಗ ಬಿಟ್ಟರೆ ಸಾಲದು. ಡಿಸ್ಕನ್ನು ಒಂದು ಕ್ಷಣ ತಡವಾಗಿ ಬಿಟ್ಟರೆ ಅದು ಬಲಕ್ಕೆ ಹೋಗುತ್ತದೆ, ಅದೂ ಪೂರ್ತಿ ವೇಗದಲ್ಲಿ, ಮತ್ತು ಅದೇ ಜಾಸ್ತಿ ಅಪಾಯ. ನಾನು ಮೊದಲ ಸಲ ಲೇಔಟ್ ಹಾಕಿದಾಗ ಆಟಗಾರರಿಗೆ ನಡಿಗೆ ಕಡಿಮೆಯಾಗಲಿ ಅಂತ ಒಂದು ಬಾಸ್ಕೆಟ್ಟಿನ ಹಿಂದೆ ಹದಿನೈದು ಹೆಜ್ಜೆಗೇ ಮುಂದಿನ ಟೀ ಇಟ್ಟಿದ್ದೆ. ಬಾಸ್ಕೆಟ್ ದಾಟಿ ಬಂದ ಡಿಸ್ಕ್ ಟೀಯಲ್ಲಿ ನಿಂತಿದ್ದವರ ಮೊಣಕಾಲಿಗೆ ಬಡಿಯಿತು. ಆಡಿದವರ ತಪ್ಪು ಏನೂ ಇರಲಿಲ್ಲ, ತಪ್ಪು ಲೇಔಟಿನದ್ದು. ಈಗ ಮುಂದಿನ ಟೀಯನ್ನು ಬಾಸ್ಕೆಟ್ಟಿನ ಪಕ್ಕಕ್ಕೆ, ಸಾಧ್ಯವಾದರೆ ಮರಗಳ ಮರೆಗೆ ಸರಿಸುತ್ತೇನೆ.

ಇನ್ನು 70 ಜನ ಅಂದಿರಿ. ಒಂದು ಟೀಯಿಂದ ಅದರ ಬಾಸ್ಕೆಟ್‌ವರೆಗೆ ಒಂದು ಹೋಲ್. 18 ಹೋಲ್, ಒಂದೊಂದರಲ್ಲಿ ನಾಲ್ವರು ಅಂದರೆ 72. ಎಲ್ಲರೂ ಒಟ್ಟಿಗೆ ಶುರು ಮಾಡುತ್ತಾರೆ, ಹಾಗಾಗಿ ಖಾಲಿ ಹೋಲ್ ಅಂತ ಒಂದೂ ಇರುವುದಿಲ್ಲ. ಒಂದು ಹೋಲ್ ನಿಧಾನವಾದರೆ ಇಡೀ ಕೋರ್ಸ್ ನಿಲ್ಲುತ್ತದೆ. ಪಾರ್ ಅಂದರೆ ಒಂದು ಹೋಲ್ ಮುಗಿಸಲು ಒಳ್ಳೆಯ ಆಟಗಾರರಿಗೆ ಬೇಕಾಗುವ ಎಸೆತಗಳ ಲೆಕ್ಕ. ಪಾರ್ 4 ಅಥವಾ 5ರಲ್ಲಿ ಮುಂದಿನ ಗುಂಪು ದೂರ ಹೋದ ಮೇಲೆ ಹಿಂದಿನವರು ಎಸೆಯಬಹುದು. ಪಾರ್ 3ರಲ್ಲಿ ಅದು ಆಗಲ್ಲ, ಒಂದು ಗುಂಪು ಮುಗಿಸುವವರೆಗೆ ಇನ್ನೊಂದು ಕಾಯಲೇಬೇಕು. ಅದಕ್ಕೇ ಉದ್ದನೆಯ ಕಷ್ಟದ ಪಾರ್ 3 ಎರಡನ್ನು ಒಂದರ ಹಿಂದೆ ಒಂದು ಇಡಬೇಡಿ. ಕಳೆದ ಡಿಸ್ಕ್ ಹುಡುಕಲು ನಿಯಮದಲ್ಲಿ 3 ನಿಮಿಷ ಕೊಡುತ್ತಾರೆ. ಉದ್ದ ಹುಲ್ಲಿನ ಕಡೆ ಎಲ್ಲಾ ಗುಂಪೂ 3 ನಿಮಿಷ ಹುಡುಕುತ್ತಾ ನಿಂತರೆ ಮಧ್ಯಾಹ್ನದ ಎರಡನೇ ಸುತ್ತು ಕತ್ತಲಲ್ಲೇ ಮುಗಿಯುವುದು. ಡಿಸ್ಕ್ ಎಲ್ಲಿ ಬಿತ್ತು ಅಂತ ತೋರಿಸಲು ಅಲ್ಲೊಬ್ಬ ಸ್ವಯಂಸೇವಕರನ್ನು ಬಾವುಟ ಕೊಟ್ಟು ನಿಲ್ಲಿಸಿ.

ಈಗ ಕಷ್ಟದ ವಿಷಯ. ನಿಮ್ಮಲ್ಲಿಂದ ಹತ್ತಿರದಲ್ಲೇ ಸೌತ್ ಕ್ಯಾರೊಲೈನಾದ ರಾಕ್ ಹಿಲ್ ಇದೆ ಅಲ್ವಾ, ಅಲ್ಲಿನ ವಿನ್‌ಥ್ರಾಪ್ ವಿಶ್ವವಿದ್ಯಾಲಯದ ಕೋರ್ಸಿಗೆ ಒಮ್ಮೆ ಹೋಗಿ ಬನ್ನಿ. ಅಮೆರಿಕದ ಡಿಸ್ಕ್ ಗಾಲ್ಫ್ ಚಾಂಪಿಯನ್‌ಶಿಪ್ 1999ರಲ್ಲಿ ಶುರುವಾಗಿದ್ದು ಅಲ್ಲೇ. ಚಾಂಪಿಯನ್‌ಶಿಪ್‌ಗಾಗಿ ಬಯಲಿನಂಥ ಜಾಗವನ್ನೂ ಬರೀ ಹಳದಿ ಹಗ್ಗ ಎಳೆದು ಎಷ್ಟು ಕಷ್ಟ ಮಾಡುತ್ತಾರೆ ನೋಡಿ. ಹಗ್ಗದಾಚೆ ಬಿದ್ದರೆ ಒಂದು ಎಸೆತ ದಂಡ. ಆದರೆ ಆಸೆಪಟ್ಟು ಎಲ್ಲಾ ಹೋಲಿಗೂ ಹಗ್ಗ ಎಳೆಯಬೇಡಿ. ಆಟಗಾರ ಟೀಯಲ್ಲಿ ನಿಂತು 'ಹಗ್ಗದ ಹತ್ತಿರ ಹೋಗಲಾ, ಸುರಕ್ಷಿತವಾಗಿ ಹಿಂದೆ ಉಳಿಯಲಾ' ಅಂತ ಯೋಚಿಸುವಂತೆ ಮೂರು ನಾಲ್ಕು ಕಡೆ ಸಾಕು. ಎಲ್ಲರೂ 3 ತೆಗೆದುಕೊಂಡು ಮುಂದೆ ಹೋಗುವ ಹೋಲ್ ಯಾರನ್ನೂ ಪರೀಕ್ಷಿಸುವುದಿಲ್ಲ. ಹತ್ತು ಜನರನ್ನು ಕರೆದು ಒಂದು ಸುತ್ತು ಆಡಿಸಿ, ಸ್ಕೋರ್ ನೋಡಿ. 2, 3, 4 ಮೂರೂ ಬಂದಿದ್ದರೆ ಆ ಹೋಲ್ ಚೆನ್ನಾಗಿದೆ.

ಹಗ್ಗದ ಗೆರೆ ಎಲ್ಲೆಲ್ಲಿದೆ, ಡ್ರಾಪ್ ಝೋನ್ (ಗೆರೆಯಾಚೆ ಹೋದ ಮೇಲೆ ಮುಂದಿನ ಎಸೆತ ಎಸೆಯಲು ಗುರುತಿಸಿದ ಜಾಗ) ಎಲ್ಲಿ, ಇವನ್ನು ನಕ್ಷೆಯ ಜೊತೆ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಅರ್ಧ ಜನ ಮರೆಯುತ್ತಾರೆ, ಜಗಳ ಅಲ್ಲಿಂದಲೇ ಬರುತ್ತದೆ.

ಪ್ರಶ್ನೆ: ಮೈಸೂರಿನ ಕಾಲೇಜು ವಿದ್ಯಾರ್ಥಿ ನಾನು. ಬಾಸ್ಕೆಟ್ ಇಲ್ಲದೆ ನಾವು ಈ ಆಟ ಆಡಬಹುದಾ?

ಉತ್ತರ: ಖಂಡಿತ. ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ 1975ರಲ್ಲಿ ಎಡ್ ಹೆಡ್ರಿಕ್ ಹಾಕಿದ ಮೊದಲ ಕಾಯಂ ಕೋರ್ಸಿನಲ್ಲೂ ಆಗ ಬರೀ ಕಂಬಗಳೇ ಗುರಿ. ಸರಪಳಿಯ ಬಾಸ್ಕೆಟ್ ಆಮೇಲೆ ಬಂದದ್ದು. ಎಳೆಯ ಮರಕ್ಕೆ ಎಸೆಯಬೇಡಿ, ತೊಗಟೆ ಏಳುತ್ತದೆ. ದಪ್ಪ ಮರಕ್ಕೂ ಗೋಣಿಚೀಲ ಸುತ್ತಿ. ಮೊದಲಿಗೆ ಒಬ್ಬೊಬ್ಬರಿಗೆ ಒಂದು ಪಟರ್ (ಹತ್ತಿರದ ಎಸೆತಕ್ಕೆ ಬಳಸುವ ನಿಧಾನದ ಡಿಸ್ಕ್) ಸಾಕು, 40–50 ಮೀಟರಿನ ಹೋಲ್ ಆರು ಮಾಡಿಕೊಳ್ಳಿ. ಕ್ರಿಕೆಟ್ ಆಡುವವರು ಮೈದಾನಕ್ಕೆ ಬರುವ ಮೊದಲು, ಬೆಳಿಗ್ಗೆ ಬೇಗ ಹೋಗಿ.