ಸೊರಗಿದ ಕುದುರೆ, ಅಲುಗದ ಕಡತ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಕುದುರೆಗಳ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪತ್ರಗಳಲ್ಲಿದ್ದ ಕಚೇರಿಗಳ ಹಾಗೂ ವ್ಯಕ್ತಿಗಳ ಹೆಸರನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವ ಎರಡು ಕುದುರೆಗಳನ್ನು ಕಟ್ಟಿದ್ದಾರೆ. ಆಷಾಢ ಹಿಡಿದ ಮೇಲೆ ಅವುಗಳತ್ತ ತಿರುಗಿ ನೋಡುವವರಿಲ್ಲ. ದೂರದಿಂದಲೇ ಪಕ್ಕೆಲುಬು ಎಣಿಸಬಹುದು. ಪಶು ಆಸ್ಪತ್ರೆಯವರು ‘ಪೊಲೀಸರಿಗೆ ಹೇಳಿ’ ಎಂದರು. ಠಾಣೆಯಲ್ಲಿ ‘ಇದು ನಮಗೆ ಬರಲ್ಲ, ಪಾಲಿಕೆಗೆ ಹೋಗಿ’ ಎಂದರು. ಪಾಲಿಕೆಯವರು ‘ಮಾಲೀಕರಿದ್ದಾರಲ್ಲ, ಬಿಡಾಡಿ ಅಲ್ಲ’ ಎಂದು ಕಳಿಸಿದರು. ಇದು ಯಾರ ಕೆಲಸ? (ದಾವಣಗೆರೆ)

ಉತ್ತರ: ಪೊಲೀಸರ ಕೆಲಸವೂ ಹೌದು, ಪಶುಪಾಲನಾ ಇಲಾಖೆಯ ಕೆಲಸವೂ ಹೌದು. ಠಾಣೆಯವರ ಮಾತಿನಲ್ಲಿ ಅರ್ಧ ನಿಜವಿದೆ, ಆ ಅರ್ಧದ ಮೇಲೆಯೇ ದೂರುಗಳು ವಾಪಸ್ಸಾಗುತ್ತವೆ.

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಸೆಕ್ಷನ್ 11(1)(ಎಚ್) ಪ್ರಕಾರ, ಸಾಕಿದ ಪ್ರಾಣಿಗೆ ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು ಅಪರಾಧ. ಆದರೆ ಇದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯವರು ಹೇಳುವುದು ಇಷ್ಟನ್ನೇ. ಹೇಳದೆ ಬಿಡುವುದು ಸೆಕ್ಷನ್ 34. ಅಪರಾಧ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ, ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಯಾವುದೇ ಪೊಲೀಸ್ ಅಧಿಕಾರಿ ಆ ಪ್ರಾಣಿಯನ್ನು ವಶಕ್ಕೆ ತೆಗೆದುಕೊಂಡು ಮ್ಯಾಜಿಸ್ಟ್ರೇಟರ ಅಥವಾ ಪಶುವೈದ್ಯಾಧಿಕಾರಿಯ ಮುಂದೆ ತಪಾಸಣೆಗೆ ಹಾಜರುಪಡಿಸಬಹುದು. ಹೆಡ್ ಕಾನ್‌ಸ್ಟೆಬಲ್ ಸಾಕು. ನಿಮ್ಮ ದೂರಿನಲ್ಲಿ 11(1)(ಎಚ್) ಜೊತೆಗೆ ‘ಸೆಕ್ಷನ್ 34ರಡಿ ವಶಕ್ಕೆ ಪಡೆದು ಪಶುವೈದ್ಯರ ತಪಾಸಣೆಗೆ ಒಪ್ಪಿಸಬೇಕು’ ಎಂಬ ಸಾಲು ಇರಲೇಬೇಕು.

ಬಾಯಿಮಾತಿನ ದೂರು ದೂರಲ್ಲ. ಎರಡು ಪ್ರತಿ ಬರೆದು, ಒಂದರ ಮೇಲೆ ಠಾಣೆಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅಸಂಜ್ಞೇಯ ಎಂದರೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ನಂಬರ್ ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 174ರಂತೆ ಅದನ್ನು ದಾಖಲಿಸಿಕೊಂಡು, ಮ್ಯಾಜಿಸ್ಟ್ರೇಟರ ಬಳಿ ಹೋಗುವಂತೆ ನಿಮಗೆ ತಿಳಿಸಬೇಕಾದದ್ದು ಅವರ ಕರ್ತವ್ಯ. ಅದೂ ಆಗಲ್ಲ ಎಂದರೆ, ಆಗಲ್ಲ ಎಂಬುದನ್ನೇ ಹಿಂಬರಹವಾಗಿ ಬರೆದುಕೊಡಲು ಕೇಳಿ. ಬಾಯಲ್ಲಿ ‘ಇಲ್ಲ’ ಎನ್ನುವುದು ಸುಲಭ, ಸಹಿ ಹಾಕಿ ‘ಇಲ್ಲ’ ಎನ್ನುವುದು ಕಷ್ಟ.

ಅದೇ ದೂರಿನ ಪ್ರತಿಯನ್ನು ಪಶುಪಾಲನೆ ಮತ್ತು ಪಶುವೈದ್ಯ ಸೇವಾ ಇಲಾಖೆಯ ಜಿಲ್ಲಾ ಉಪ ನಿರ್ದೇಶಕರಿಗೂ, ಜಿಲ್ಲಾಧಿಕಾರಿ ಕಚೇರಿಯ ಟಪಾಲು ಶಾಖೆಗೂ ಕೊಡಿ. ಕ್ರೌರ್ಯ ತಡೆ ಕಾಯ್ದೆಯಡಿಯ 2001ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕು. ಅದು ಕಾಗದದಲ್ಲಿ ಮಾತ್ರ ಇದೆ ಅನಿಸಿದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಕಳೆದ ಎರಡು ವರ್ಷಗಳಲ್ಲಿ ಸಂಘದ ಸಭೆ ನಡೆದ ದಿನಾಂಕಗಳು, ಸಭಾ ನಡವಳಿಯ ಪ್ರತಿ, ಬಂದ ದೂರುಗಳ ಮೇಲೆ ಕೈಗೊಂಡ ಕ್ರಮ, ಇಷ್ಟು ಕೇಳಿದರೆ ಸಾಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ.

ಬಹಳ ಜನ ಸೋಲುವುದು ಇನ್ನೊಂದು ಕಡೆ. ಕ್ರೌರ್ಯ ತಡೆ ಕಾಯ್ದೆಯ ಸೆಕ್ಷನ್ 36ರಂತೆ ಅಪರಾಧ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡಬೇಕು. ಕಚೇರಿಯಿಂದ ಕಚೇರಿಗೆ ಅಲೆಯುವಷ್ಟರಲ್ಲಿ ಆ ಅವಧಿ ಕಳೆದುಹೋಗುತ್ತದೆ. ಒಂದು ತಿಂಗಳಾದರೂ ಕಡತ ಅಲುಗದಿದ್ದರೆ ವಕೀಲರ ಮೂಲಕ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಸಲ್ಲಿಸಿ. ಮೊದಲ ಅಪರಾಧಕ್ಕೆ ದಂಡ ಇಂದಿಗೂ 10ರಿಂದ 50 ರೂಪಾಯಿ. ಹಸಿವಿನಿಂದ ಸಾಯುತ್ತಿರುವ ಜೀವಕ್ಕೆ ಇಷ್ಟೇ ಬೆಲೆ ಕಟ್ಟಿರುವುದು ನಾಚಿಕೆಗೇಡು. ಆದರೂ ದೂರು ವ್ಯರ್ಥವಲ್ಲ. ಸೆಕ್ಷನ್ 35ರಡಿ ಕುದುರೆಯನ್ನು ಚಿಕಿತ್ಸೆಗೆ ಕಳಿಸಿ ಅದರ ಖರ್ಚನ್ನು ಮಾಲೀಕರಿಂದ ವಸೂಲು ಮಾಡಿಸಬಹುದು. 29ರಡಿ, ಶಿಕ್ಷೆಯಾದ ಮಾಲೀಕರ ಬಳಿಯೇ ಬಿಟ್ಟರೆ ಮತ್ತೆ ಕ್ರೌರ್ಯವಾಗುತ್ತದೆ ಎಂದು ಕಂಡರೆ ಒಡೆತನವನ್ನೇ ಕಿತ್ತುಕೊಳ್ಳಬಹುದು.

ಅಧಿಕಾರಿಗಳು ಹಿಂಜರಿಯಲು ಒಂದು ನಿಜವಾದ ಕಾರಣವೂ ಇದೆ: ಹಿಡಿದ ಕುದುರೆಯನ್ನು ಕಟ್ಟುವುದೆಲ್ಲಿ? ಜಾಗ ಇಲ್ಲದಿದ್ದರೆ ಯಾವ ಸಬ್ ಇನ್‌ಸ್ಪೆಕ್ಟರೂ ಕೈ ಹಾಕುವುದಿಲ್ಲ. ವಶಪಡಿಸಿಕೊಂಡ ಪ್ರಾಣಿಗಳ ಪಾಲನೆ ಕುರಿತ 2017ರ ನಿಯಮಗಳಂತೆ ಗೋಶಾಲೆಯಲ್ಲೂ ಇರಿಸಬಹುದು. ದೂರಿನ ಜೊತೆಗೇ ಗೋಶಾಲೆಯೊಂದರ ಒಪ್ಪಿಗೆ ಪತ್ರ ಲಗತ್ತಿಸಿ. ಒಂದು ಕುದುರೆಗೆ 12 ಅಡಿ ಉದ್ದಗಲದ ನೆರಳಿರುವ ಒಣ ಜಾಗ, ದಿನಕ್ಕೆ 30ರಿಂದ 40 ಲೀಟರ್ ನೀರು, ನೋಡಿಕೊಳ್ಳಲು ಒಬ್ಬರು ಬೇಕಾಗುತ್ತದೆ ಎಂದು ಗೋಶಾಲೆಯವರಿಗೆ ಮೊದಲೇ ಹೇಳಿ.

ಪ್ರಶ್ನೆ: ಪಶುವೈದ್ಯರು ಬಂದು ನೋಡಿ ‘ವಯಸ್ಸಾಗಿದೆ, ಸಾಧಾರಣ’ ಎಂದು ಬರೆದು ಹೋದರು. ಸೊರಗಿದ್ದು ಹಸಿವಿನಿಂದಲೇ ಎಂದು ತೋರಿಸುವುದು ಹೇಗೆ? (ಹರಿಹರ)

ಉತ್ತರ: ವಯಸ್ಸಾದ ಕುದುರೆಯ ಹಲ್ಲು ಸವೆದು ಚೂಪಾಗುತ್ತದೆ, ಅಗಿದ ಹುಲ್ಲು ಉಂಡೆಯಾಗಿ ಬಾಯಿಂದ ಬೀಳುತ್ತದೆ. ಜಂತುಹುಳುವಿನಿಂದಲೂ ಸೊರಗುತ್ತದೆ. ಹಾಗಾಗಿ ವೈದ್ಯರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ‘ಸಾಧಾರಣ’ ಎಂಬ ಪದವನ್ನು ಅಳೆಯಲಾಗದು, ಅಂಕಿಯನ್ನು ಅಳೆಯಬಹುದು. ಪ್ರಮಾಣಪತ್ರದಲ್ಲಿ ಮೈಕಟ್ಟಿನ ಅಂಕ ನಮೂದಿಸುವಂತೆ ಕೇಳಿ. 1983ರಲ್ಲಿ ಅಮೆರಿಕದ ಸಂಶೋಧಕ ಹೆನೆಕ್ ರೂಪಿಸಿದ ಈ ಅಳತೆ 1ರಿಂದ 9ರವರೆಗೆ ಇದೆ. ಕುತ್ತಿಗೆ, ಹೆಗಲಿನ ದಿಬ್ಬ, ಭುಜದ ಹಿಂಭಾಗ, ಪಕ್ಕೆಲುಬು, ಸೊಂಟ, ಬಾಲದ ಬುಡ, ಈ ಆರು ಕಡೆ ಕೈಯಿಂದ ಮುಟ್ಟಿ ನೋಡಿ ಅಂಕ ಕೊಡುತ್ತಾರೆ. 5 ಇದ್ದರೆ ಚೆನ್ನ. 1 ಎಂದರೆ ಮೂಳೆಯ ಮೇಲೆ ಚರ್ಮ ಮಾತ್ರ.

ನೀವೂ ಅಂದಾಜು ಮಾಡಬಹುದು. ಎಡಗೈ ಮುಷ್ಟಿ ಹಿಡಿದು, ಗೆಣ್ಣುಗಳ ಮೇಲೆ ಬಲಗೈ ಬೆರಳಾಡಿಸಿ. ಕುದುರೆಯ ಪಕ್ಕೆ ಕೈಗೆ ಹಾಗೆ ಸಿಕ್ಕರೆ ಅದು ತೀರಾ ಬಡಕಲು. ಈಗ ಮುಷ್ಟಿ ಬಿಚ್ಚಿ, ಬೆರಳುಗಳನ್ನು ನೇರ ಮಾಡಿ, ಅಂಗೈ ಹಿಂಭಾಗದ ಮೇಲೆ ಕೈಯಾಡಿಸಿ. ಮೂಳೆ ಇದೆ ಎಂದು ಗೊತ್ತಾಗುತ್ತದೆ, ಕಣ್ಣಿಗೆ ಎದ್ದು ಕಾಣುವುದಿಲ್ಲ. ಪಕ್ಕೆ ಇರಬೇಕಾದದ್ದು ಹೀಗೆ.

ತೂಕಕ್ಕೆ ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ ಹಿಡಿಯಿರಿ. ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ ಹಿಡಿಯಿರಿ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 140, ಉದ್ದ 135 ಇದ್ದರೆ ತೂಕ ಸುಮಾರು 223 ಕೆ.ಜಿ. 15 ದಿನ ಬಿಟ್ಟು ಅದೇ ಟೇಪಿನಿಂದ ಮತ್ತೆ ಅಳೆಯಿರಿ. ತೂಕ ಇಳಿದಿದ್ದರೆ ಅದು ದಾಖಲೆ. ಮಾಲೀಕರು ಹತ್ತಿರ ಬಿಡದಿದ್ದರೆ ಜಗಳಕ್ಕೆ ಹೋಗಬೇಡಿ, ರಸ್ತೆಯಲ್ಲೇ ನಿಂತು ಫೋಟೊ ತೆಗೆಯಿರಿ: ಎರಡೂ ಪಕ್ಕ, ಹಿಂಭಾಗ, ನಾಲ್ಕು ಗೊರಸು, ಕುತ್ತಿಗೆಯ ಹಗ್ಗ. ಖಾಲಿ ನೀರಿನ ತೊಟ್ಟಿಯ ಫೋಟೊವನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ದಿನ ತೆಗೆಯಿರಿ. ಬಣ್ಣ, ಗಂಡೋ ಹೆಣ್ಣೋ, ಹಣೆಯ ಬಿಳಿ ಗುರುತಿನ ಆಕಾರ, ಯಾವ ಕಾಲು ಬಿಳಿ ಎಂಬುದನ್ನು ಬರೆದಿಡಿ. ‘ಅದು ಬೇರೆ ಕುದುರೆ’ ಎಂಬ ವಾದ ಬಂದರೆ ಇದೇ ಆಧಾರ.

ಪ್ರಶ್ನೆ: ಬಡಕಲಾದ ಕುದುರೆಯೊಂದನ್ನು ಮಾಲೀಕರು ನಮ್ಮ ಯುವಕ ಸಂಘಕ್ಕೆ ಬಿಟ್ಟುಕೊಟ್ಟರು. ಮೆಕ್ಕೆಜೋಳ, ಬೆಲ್ಲ, ಹುರುಳಿ ಹೊಟ್ಟೆ ತುಂಬ ಕೊಟ್ಟೆವು. ನಾಲ್ಕನೇ ದಿನ ಬಿದ್ದು ಸತ್ತುಹೋಯಿತು. ಏನು ತಪ್ಪಾಯಿತು? (ಜಗಳೂರು)

ಉತ್ತರ: ನೀವು ಪ್ರೀತಿಯಿಂದಲೇ ಕೊಟ್ಟಿರಿ, ಈ ಅಪಾಯ ಕುದುರೆ ಸಾಕಿದವರಲ್ಲೂ ಅನೇಕರಿಗೆ ತಿಳಿದಿಲ್ಲ. ದೇಹವನ್ನು ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು, ಆದರೆ ನೀವು ಬರೆದ ಲಕ್ಷಣ ಇದಕ್ಕೆ ಹೊಂದುತ್ತದೆ. ವಾರಗಟ್ಟಲೆ ಉಪವಾಸವಿದ್ದ ದೇಹ ತನ್ನದೇ ಕೊಬ್ಬು, ಮಾಂಸ ಕರಗಿಸಿ ಬದುಕುತ್ತಿರುತ್ತದೆ. ಒಮ್ಮೆಲೇ ಪಿಷ್ಟ, ಸಕ್ಕರೆ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿದ್ದ ಅಲ್ಪಸ್ವಲ್ಪ ರಂಜಕ, ಮೆಗ್ನೀಸಿಯಮ್, ಪೊಟ್ಯಾಸಿಯಮ್ ಜೀವಕೋಶಗಳ ಒಳಗೆ ಸೇರಿಕೊಳ್ಳುತ್ತವೆ. ಹೃದಯ, ಶ್ವಾಸಕೋಶ ಸೋಲುತ್ತವೆ. ಸಾವು ಬರುವುದು ಮೇವು ಸಿಕ್ಕ ಮೂರರಿಂದ ಹತ್ತು ದಿನದೊಳಗೆ.

ಇಂಥ ಕುದುರೆಗೆ ಮೊದಲ ಮೇವು ಕುದುರೆ ಮಸಾಲೆ (ಲೂಸರ್ನ್) ಸೊಪ್ಪು. ಇದರಲ್ಲಿ ಪಿಷ್ಟ ಕಡಿಮೆ, ಪ್ರೋಟೀನ್, ರಂಜಕ, ಮೆಗ್ನೀಸಿಯಮ್ ಹೆಚ್ಚು. ಸುಮಾರು 250 ಕೆ.ಜಿ. ಇರಬೇಕಾದ ನಾಡ ಕುದುರೆಗೆ ಮೊದಲ ಮೂರು ದಿನ, ನಾಲ್ಕು ಗಂಟೆಗೊಮ್ಮೆ 250 ಗ್ರಾಂ ಒಣಗಿಸಿದ ಸೊಪ್ಪು. ರಾತ್ರಿಯೂ ಸೇರಿ ದಿನಕ್ಕೆ ಆರು ಬಾರಿ, ಒಟ್ಟು ಒಂದೂವರೆ ಕೆ.ಜಿ. ಹಸಿ ಸೊಪ್ಪಾದರೆ ತೂಕ ನಾಲ್ಕೂವರೆ ಪಟ್ಟು. ನಾಲ್ಕನೇ ದಿನದಿಂದ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಬಾರಿಗಳನ್ನು ಕಡಿಮೆ ಮಾಡುತ್ತ, ದಿನಕ್ಕೆ ಮೂರು ಬಾರಿ ಒಟ್ಟು ಮೂರೂಕಾಲು ಕೆ.ಜಿ.ಗೆ ತನ್ನಿ. ಹತ್ತು ದಿನ ದಾಟಿದ ಮೇಲೆ ತಿನ್ನುವಷ್ಟು ಕೊಡಬಹುದು. ಕಾಳು, ಬೂಸಾ, ಬೆಲ್ಲ, ಅನ್ನ ಅಲ್ಲಿಯವರೆಗೆ ಬೇಡ. ನೀರು ಸದಾ ಇರಲಿ. ತುಂಬ ಬಾಯಾರಿದ್ದರೆ ಮೊದಲು ಅರ್ಧ ಬಕೆಟ್ ಕೊಟ್ಟು, ಅರ್ಧ ಗಂಟೆ ಬಿಟ್ಟು ಇನ್ನರ್ಧ. ಜಂತಿನ ಔಷಧಿಯನ್ನು ವೈದ್ಯರು ಹೇಳುವ ಮೊದಲು ಕುಡಿಸಬೇಡಿ. ಮೈ ತುಂಬಲು ತಿಂಗಳುಗಳೇ ಹಿಡಿಯುತ್ತವೆ.

ನಮ್ಮದು ಮೆಕ್ಕೆಜೋಳದ ಸೀಮೆ, ಅದಕ್ಕಾಗಿ ಇನ್ನೊಂದು ಮಾತು. ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ಕುದುರೆಗೆ ವಿಷ, ಆರೋಗ್ಯವಾಗಿರುವ ಕುದುರೆಗೂ. ಫ್ಯುಸೇರಿಯಂ ಶಿಲೀಂಧ್ರದ ನಂಜು ಮಿದುಳನ್ನು ಕರಗಿಸುತ್ತದೆ. ಕುದುರೆ ಸುತ್ತಿದಲ್ಲೇ ಸುತ್ತುತ್ತದೆ, ಗೋಡೆಗೆ ತಲೆ ಒತ್ತುತ್ತದೆ, ಕಣ್ಣು ಕಾಣದಂತಾಗುತ್ತದೆ. ಇದಕ್ಕೆ ಮದ್ದಿಲ್ಲ. ದನ ಅದನ್ನು ತಿಂದು ಅರಗಿಸಿಕೊಂಡಿತು ಎಂದು ಕುದುರೆಗೆ ಹಾಕಬೇಡಿ.

ಪ್ರಶ್ನೆ: ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಕುಂಟುವ ಕುದುರೆಯೊಂದನ್ನು ಬಿಟ್ಟುಹೋಗಿದ್ದಾರೆ. ಗೊರಸು ಉದ್ದ ಬೆಳೆದು ಮೇಲಕ್ಕೆ ಬಾಗಿದೆ, ತೊಡೆಯ ಗಾಯದಲ್ಲಿ ಹುಳು ಬಿದ್ದಿದೆ. (ಚಿತ್ರದುರ್ಗ)

ಉತ್ತರ: ಮೊದಲು 112ಕ್ಕೆ ಕರೆ ಮಾಡಿ, ‘ಹೆದ್ದಾರಿಯಲ್ಲಿ ಅಪಘಾತದ ಅಪಾಯ’ ಎಂದೇ ಹೇಳಿ. ಜನರ ಜೀವಕ್ಕೆ ಅಪಾಯವಾಗುವಂತೆ ತನ್ನ ಪ್ರಾಣಿಯನ್ನು ನಿರ್ಲಕ್ಷಿಸುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 291ರಡಿ ಸಂಜ್ಞೇಯ ಅಪರಾಧ, ಇದಕ್ಕೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕಿಲ್ಲ. ಹಸಿವಿಗೆ, ನರಳಾಟಕ್ಕೆ ತಳ್ಳಿ ಬಿಟ್ಟುಹೋದದ್ದಕ್ಕೆ ಕ್ರೌರ್ಯ ತಡೆ ಕಾಯ್ದೆಯ 11(1)(ಐ) ಸೇರಿಸಿ. ಚಿಕಿತ್ಸೆಗೆ 1962 ಸಂಖ್ಯೆಗೆ ಕರೆ ಮಾಡಿ, ಅದು ಪಶು ಸಂಚಾರಿ ಘಟಕದ್ದು.

ವಾಹನ ಬರುವವರೆಗೆ ಓಡಿಸಬೇಡಿ, ಬೆದರಿದ ಕುದುರೆ ನುಗ್ಗುವುದು ಹೆದ್ದಾರಿಗೇ. ಹಿಂದಿನಿಂದ ಹೋಗದೆ, ಮಾತಾಡುತ್ತ ಭುಜದ ಪಕ್ಕಕ್ಕೆ ಬನ್ನಿ. ಹುಳುವಿನ ಗಾಯಕ್ಕೆ ಫಿನಾಯಿಲ್, ಪೆಟ್ರೋಲ್ ಸುರಿಯುವ ಅಭ್ಯಾಸವಿದೆ, ಮಾಂಸ ಸುಟ್ಟು ಗಾಯ ಇನ್ನೂ ಆಳವಾಗುತ್ತದೆ. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುವುದರಿಂದ ವೈದ್ಯರಿಗೆ ಆ ಚುಚ್ಚುಮದ್ದನ್ನು ನೆನಪಿಸಿ. ಬಾಗಿದ ಗೊರಸನ್ನು ಒಂದೇ ದಿನ ಕತ್ತರಿಸಿ ಸರಿಮಾಡಲು ಹೋದರೆ ಒಳಗಿನ ಜೀವಂತ ಭಾಗಕ್ಕೆ ತಗುಲಿ ರಕ್ತ ಬರುತ್ತದೆ. ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ತೆಗೆಯಬೇಕು. ನಂತರ ಆರರಿಂದ ಎಂಟು ವಾರಕ್ಕೊಮ್ಮೆ ಸವರಿದರೆ ಸಾಕು. ಸಂಕೀರ್ಣ ಶಸ್ತ್ರಚಿಕಿತ್ಸೆ ಬೇಕಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ.

ಮೂಗಿನಿಂದ ಕೀವು ಬರುತ್ತಿದ್ದರೆ, ಕಾಲಿನುದ್ದಕ್ಕೂ ಗಂಟು, ಹುಣ್ಣು ಇದ್ದರೆ ಕೈಗವಸಿಲ್ಲದೆ ಮುಟ್ಟಬೇಡಿ. ಗ್ಲ್ಯಾಂಡರ್ಸ್ ಎಂಬ ಕುದುರೆ ರೋಗ ಇರಬಹುದು, ಅದು ಮನುಷ್ಯರಿಗೂ ಅಂಟುತ್ತದೆ. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ರಕ್ತ ಪರೀಕ್ಷೆಯಾಗುತ್ತದೆ. ವರದಿ ಬರುವವರೆಗೆ ಬೇರೆ ಕುದುರೆ, ಕತ್ತೆಗಳ ಜೊತೆ ಕಟ್ಟಕೂಡದು, ನೀರಿನ ತೊಟ್ಟಿಯೂ ಬೇರೆ ಇರಲಿ.

ಪ್ರಶ್ನೆ: ಏಪ್ರಿಲ್ ಬಿಸಿಲಲ್ಲಿ ಕುದುರೆ ಗಾಡಿಗೆ ಇಟ್ಟಿಗೆ ಹೇರುತ್ತಾರೆ. ಇದಕ್ಕೆ ಮಿತಿ ಇಲ್ಲವೇ? (ಹಿರಿಯೂರು)

ಉತ್ತರ: ಇದೆ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳ ಕುರಿತ 1965ರ ನಿಯಮಗಳಂತೆ ಗಾಳಿ ಟಯರಿನ ಎರಡು ಚಕ್ರದ ಗಾಡಿಗೆ ಕುದುರೆಯಾದರೆ 750 ಕೆ.ಜಿ., ತಟ್ಟುವಾದರೆ (ಗಿಡ್ಡ ತಳಿಯ ಕುದುರೆ) 600. ದಿನಕ್ಕೆ ಒಟ್ಟು ಒಂಬತ್ತು ಗಂಟೆ, ಬಿಡುವಿಲ್ಲದೆ ಐದು ಗಂಟೆ ಮೀರಬಾರದು. ಉಷ್ಣಾಂಶ 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಆ ದಿನದ ಉಷ್ಣಾಂಶ, ಫೋಟೊ ತೆಗೆದ ಸಮಯ ಎರಡನ್ನೂ ದೂರಿನಲ್ಲಿ ಬರೆಯಿರಿ.

ಪ್ರಶ್ನೆ: ಮಗನ ಮದುವೆಗೆ ಕುದುರೆ ಬೇಕು ಎನ್ನುತ್ತಿದ್ದಾರೆ. ಏನು ನೋಡಿ ಒಪ್ಪಿಕೊಳ್ಳಬೇಕು? (ಹೊಳಲ್ಕೆರೆ)

ಉತ್ತರ: ಅಲಂಕಾರ ಮಾಡಿ ತಂದ ಮೇಲೆ ಏನೂ ಕಾಣುವುದಿಲ್ಲ. ಮುಂಗಡ ಕೊಡುವ ಮೊದಲೇ ಲಾಯಕ್ಕೆ ಹೋಗಿ ಜೀನು ಎತ್ತಿಸಿ ನೋಡಿ. ಬೆನ್ನಿನಲ್ಲಿ, ಹೊಟ್ಟೆಪಟ್ಟಿಯ ಜಾಗದಲ್ಲಿ ಹುಣ್ಣಿದ್ದರೆ ಆ ಕುದುರೆಯನ್ನು ದುಡಿಸುವುದೇ ಅಪರಾಧ. ಬಾಯಿಯ ಎರಡೂ ಮೂಲೆ ನೋಡಿ, ಸೀಳಿದ್ದರೆ ಕಡಿವಾಣ ಕೈಗೆ ತೆಗೆದುಕೊಂಡು ಒಳಭಾಗ ಸವರಿ. ಮುಳ್ಳು, ಗುಬಟು ಇರುವ ಕಡಿವಾಣ ಅದೇ 1965ರ ನಿಯಮಗಳಲ್ಲಿ ನಿಷಿದ್ಧ. ಲಾಳ ಸಡಿಲವಾಗಿದೆಯೇ ಎಂದು ಕಾಲೆತ್ತಿಸಿ ನೋಡಿ. ಮೆರವಣಿಗೆಯ ದಾರಿಯಲ್ಲಿ ಒಂದು ಬಕೆಟ್ ನೀರಿಗೆ ಜಾಗ ಗೊತ್ತು ಮಾಡಿ, ಪಟಾಕಿಯನ್ನು ಕುದುರೆ ಹೋದ ಮೇಲೆ ಹಚ್ಚುವಂತೆ ಬ್ಯಾಂಡಿನವರಿಗೂ ಹುಡುಗರಿಗೂ ಹಿಂದಿನ ದಿನವೇ ಹೇಳಿಡಿ.