ಮನೆಯ ಧರ್ಮೋಪದೇಶದಲ್ಲಿ ಮಾತು ನಿಲ್ಲಿಸಿದ ಮಗ: ಒಂದು ಆಪ್ತಸಲಹೆ ಪ್ರಕರಣ

(ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯಲಾಗಿದೆ.)

ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ರೈಟರ್ (ಆಳುಗಳ ಹಾಜರಿ, ಕೆಲಸ ನೋಡಿಕೊಳ್ಳುವವರು) ಆಗಿರುವ ತಂದೆ, ಮನೆಯಲ್ಲೇ ಹೊಲಿಗೆ ಮಾಡುವ ತಾಯಿ, ಹತ್ತನೇ ತರಗತಿಯ ಮಗ, ಎಂಟನೇ ತರಗತಿಯ ಮಗಳು: ಇದು ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ (ಬಿಷಪ್ಪರ ಆಡಳಿತದ ವ್ಯಾಪ್ತಿಗೆ) ಸೇರಿದ ಒಂದು ಕಥೋಲಿಕ ಕುಟುಂಬ. ಚರ್ಚು ದೂರ, ಭಾನುವಾರ ಬೆಳಗ್ಗೆ ಶಾಲೆಯ ವಿಶೇಷ ತರಗತಿ. ಆದ್ದರಿಂದ ಬಲಿಪೂಜೆಯ (ಚರ್ಚಿನ ಭಾನುವಾರದ ಆರಾಧನೆಯ) ನಂತರದ, ಮಕ್ಕಳಿಗೆ ವಿಶ್ವಾಸದ ಪಾಠ ಹೇಳುವ ಧರ್ಮೋಪದೇಶ ತರಗತಿ ಮಗನಿಗೆ ತಪ್ಪಿಹೋಗಿತ್ತು. ಅದನ್ನು ತಾನೇ ಮನೆಯಲ್ಲಿ ಕಲಿಸಲು ನಿರ್ಧರಿಸಿದ ತಂದೆ, ತಾವು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಪ್ರಶ್ನೋತ್ತರದ ಹಳೆಯ ಪುಸ್ತಕವನ್ನು ಹಿಡಿದು, ಪ್ರತಿ ರಾತ್ರಿ ಜಪಸರ (ಮಣಿಗಳ ಸರ ಹಿಡಿದು ಮಾಡುವ ಪ್ರಾರ್ಥನೆ) ಮುಗಿದ ಮೇಲೆ ಪಾಠ ಆರಂಭಿಸಿದರು. ಕೆಲವು ತಿಂಗಳಲ್ಲಿ ಮಗ ಉತ್ತರ ಹೇಳುವುದನ್ನು ನಿಲ್ಲಿಸಿದ. ಆಮೇಲೆ ಜಪಸರದಲ್ಲೂ ಬಾಯಿ ಬಿಡದಾದ. "ಇವನಿಗೆ ಏನಾಗಿದೆ ನೋಡಿ ಮೇಡಂ, ಯಾರೋ ತಲೆ ಕೆಡಿಸಿದ್ದಾರೆ" ಎಂಬುದು ತಂದೆಯ ದೂರು.

ನಿದ್ರೆ, ಊಟ, ಗೆಳೆಯರ ಒಡನಾಟ, ಓದು ಇವುಗಳಲ್ಲಿ ಖಿನ್ನತೆಯನ್ನು ಸೂಚಿಸುವಂಥದ್ದೇನೂ ಕಾಣಲಿಲ್ಲ. ಒಬ್ಬನೇ ಮಾತಿಗೆ ಕುಳಿತಾಗ ಹುಡುಗ ಸರಾಗವಾಗಿಯೇ ಮಾತನಾಡಿದ. ದೇವರಿಲ್ಲ ಎಂದು ಅವನು ಹೇಳಲಿಲ್ಲ. ಅವನನ್ನು ಕಾಡುತ್ತಿದ್ದದ್ದು ಒಂದು ಪ್ರಶ್ನೆ: ಯೇಸುಸ್ವಾಮಿ ದೇವರೇ ಆಗಿದ್ದರೆ, ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ "ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆಯೇ ಆಗಲಿ" ಎಂದು ಪ್ರಾರ್ಥಿಸಿದ್ದು ಯಾರಿಗೆ, ಮತ್ತು ದೇವರಿಗೆ ಎರಡು ಚಿತ್ತಗಳು (ಇಚ್ಛೆಗಳು) ಇರಲು ಹೇಗೆ ಸಾಧ್ಯ? ಇದನ್ನು ಅಪ್ಪನಲ್ಲಿ ಕೇಳಿದ ರಾತ್ರಿ "ಇಂಥದ್ದೆಲ್ಲ ಕೇಳಬಾರದು, ಪುಸ್ತಕದಲ್ಲಿದ್ದುದನ್ನು ಹೇಳು" ಎಂಬ ಉತ್ತರ ಬಂತು; ಮರುದಿನ ಮೊಬೈಲ್ ಬೀರುವಿಗೆ ಸೇರಿತು, ಪಾಠ ಒಪ್ಪಿಸಿದರೆ ಮಾತ್ರ ಅರ್ಧ ಗಂಟೆ ಸಿಗುವುದೆಂಬ ನಿಯಮವೂ ಬಂತು. ಪ್ರಶ್ನೆಗಿಂತ ಆ ನಿಯಮ ಅವನನ್ನು ಹೆಚ್ಚು ನೋಯಿಸಿತ್ತೆಂದು ನನಗನ್ನಿಸಿತು. "ಉತ್ತರ ಹೇಳಿದರೆ ಫೋನಿಗಾಗಿ ಹೇಳಿದ ಹಾಗೆ ಆಗುತ್ತದೆ" ಎಂದ. ಈ ಮಾತಿನಲ್ಲಿ ಇದ್ದದ್ದು ಪ್ರಾರ್ಥನೆಯನ್ನು ವ್ಯಾಪಾರ ಮಾಡಲೊಲ್ಲದ ಹಟ; ಅದನ್ನು ಅಪ್ಪ ಅಶ್ರದ್ಧೆಯೆಂದು ತಿಳಿದಿದ್ದರು.

ದೈವಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದಕಾರಣ ಮನೆಯವರ ಒಪ್ಪಿಗೆಯಿಂದ ಧರ್ಮಕೇಂದ್ರದ ಗುರುಗಳನ್ನು (ಅವರ ಚರ್ಚಿನ ಫಾದರ್ ಅವರನ್ನು) ಸಂಪರ್ಕಿಸಿದೆ. ಹುಡುಗನ ಪ್ರಶ್ನೆಯನ್ನು ಕೇಳಿ ಅವರು ನಕ್ಕು, ಅದು ಧರ್ಮಸಭೆಯೇ ಶತಮಾನಗಳ ಕಾಲ ಜಗಳವಾಡಿದ ಪ್ರಶ್ನೆ ಎಂದರು. ಪುತ್ರನು ಪಿತನ ಸೃಷ್ಟಿಯೆಂದು ಬೋಧಿಸಿದ ಅಲೆಕ್ಸಾಂಡ್ರಿಯದ ಅರಿಯುಸ್‌ನಿಗೆ ಉತ್ತರವಾಗಿ 325ರಲ್ಲಿ ಬಿಷಪ್ಪರು ಸೇರಿದ ನೈಸಿಯಾ ಮಹಾಸಭೆ, ಕ್ರಿಸ್ತನು ನಿಜ ದೇವರೂ ನಿಜ ಮನುಷ್ಯನೂ ಎಂದು ನಿರ್ಣಯಿಸಿದ 451ರ ಕಾಲ್ಸೆಡನ್ ಮಹಾಸಭೆ, ಕೊನೆಗೆ ಕ್ರಿಸ್ತನಲ್ಲಿ ದೈವ ಚಿತ್ತದ ಜೊತೆಗೆ ಅದಕ್ಕೆ ವಿಧೇಯವಾದ ಮಾನವ ಚಿತ್ತವೂ ಇತ್ತೆಂದು ಘೋಷಿಸಿದ 680-81ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ: ಈ ಕೊನೆಯ ವಾದದ ಕೇಂದ್ರದಲ್ಲಿ ಇದ್ದದ್ದೇ ಗೆತ್ಸೆಮನೆಯ ಆ ಪ್ರಾರ್ಥನೆ. ಹದಿನೈದರ ಹುಡುಗನೊಬ್ಬ ತೋಟದ ಲೈನುಮನೆಗಳ ನಡುವೆ ಕುಳಿತು ಅಲ್ಲಿಗೇ ತಲುಪಿದ್ದ.

ಹಾಗಾಗಿ ತಂದೆಗೆ ನಾನು ಕೊಟ್ಟ ಸಲಹೆ ಅವರು ಹೆದರಿದ್ದಕ್ಕೆ ವಿರುದ್ಧವಾಗಿತ್ತು. ಪಾಠ ಕಡಿಮೆ ಮಾಡಿ ಎನ್ನಲಿಲ್ಲ. ಇನ್ನಷ್ಟು ಆಳವಾಗಿ ಮಾಡಿ, ಆದರೆ ವಾರಕ್ಕೆ ಒಮ್ಮೆ ಮಾತ್ರ ಮಾಡಿ ಎಂದೆ. ಪ್ರೌಢಶಾಲೆಯ ಮಕ್ಕಳಿಗೆ ಸಿದ್ಧ ಉತ್ತರ ಸಾಲುವುದಿಲ್ಲ. ಆ ಉತ್ತರ ಯಾವ ಪ್ರಶ್ನೆಗೆ, ಯಾವ ವಾದದ ನಡುವೆ ಹುಟ್ಟಿತೆಂಬುದೂ ಬೇಕು. ಹಳೆಯ ಪುಸ್ತಕವನ್ನು ಎಸೆಯಬೇಕಾಗಿಲ್ಲ. ವಿಶ್ವಾಸ ಪ್ರಮಾಣದ (ಕ್ರೈಸ್ತರು ತಾವು ನಂಬುವುದನ್ನು ಸಾರುವ ಪ್ರಾರ್ಥನೆಯ) ಒಂದೊಂದು ಸಾಲನ್ನು ತೆಗೆದುಕೊಂಡು, ಅದಕ್ಕೆ ಸಂಬಂಧಿಸಿದ ಶುಭಸಂದೇಶದ (ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಗ್ರಂಥದ) ಭಾಗವನ್ನು ಮಗನಿಂದಲೇ ಓದಿಸಿ, ಮೊದಲ ಪ್ರಶ್ನೆ ಕೇಳುವ ಹಕ್ಕನ್ನು ಅವನಿಗೇ ಬಿಡುವುದು. ಉತ್ತರ ತಿಳಿಯದಿದ್ದಾಗ "ನನಗೆ ಗೊತ್ತಿಲ್ಲ, ಫಾದರ್ ಹತ್ತಿರ ಕೇಳೋಣ" ಎಂದು ಮಗನೆದುರಿಗೇ ಬರೆದಿಟ್ಟುಕೊಳ್ಳುವುದು. ಇದು ತಂದೆಗೆ ಎಲ್ಲಕ್ಕಿಂತ ಕಷ್ಟವಾಯಿತು. ಇಡೀ ದಿನ ಆಳುಗಳಿಗೆ ಹಾಜರಿ ಹಾಕಿ, ಕೆಲಸ ಹೇಳುವ ಮನುಷ್ಯನಿಗೆ ಮನೆಯಲ್ಲಿ ಗೊತ್ತಿಲ್ಲ ಎನ್ನುವುದು ಸುಲಭವಲ್ಲ.

ಮೊಬೈಲಿನ ನಿಯಮವನ್ನು ಪಾಠದಿಂದ ಪೂರ್ತಿ ಬಿಡಿಸಬೇಕೆಂದು ಖಂಡಿತವಾಗಿ ಹೇಳಿದೆ. ಫೋನಿಗೆ ಮಿತಿ ಇರಲಿ, ಅದು ಓದಿಗೂ ನಿದ್ರೆಗೂ ಸಂಬಂಧಿಸಿದ ಮಿತಿಯಾಗಿರಲಿ. ಪಾಠದ ವೇಳೆ ಭಾನುವಾರ ಸಂಜೆ. ಕಾಫಿ ಕೊಯ್ಲಿನ ವಾರಗಳಲ್ಲೂ, ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಾಗಲೂ ಸಂಕೋಚವಿಲ್ಲದೆ ಬಿಡುವು.

ತಂದೆಯೂ ಒಂದು ವಾದ ಮುಂದಿಟ್ಟರು. ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು ತಂದೆತಾಯಿಗಳೇ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿದೆ. ಅದನ್ನು ಚರ್ಚಿನ ಪ್ರಬೋಧನೆಯಲ್ಲಿ ಕೇಳಿದ್ದೇನೆ, ಕರ್ತವ್ಯ ಬಿಡಲೇ ಎಂದರು. ಮಾತು ನಿಜ. ಅದೇ ಮಹಾಸಭೆ 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಹೊರಡಿಸಿದ ಘೋಷಣೆಯು ಮಕ್ಕಳ ಧಾರ್ಮಿಕ ಶಿಕ್ಷಣದಲ್ಲಿ ತಂದೆತಾಯಿಗಳ ಹಕ್ಕನ್ನು ಒಪ್ಪುತ್ತಲೇ, ವಿಶ್ವಾಸವು ಸ್ವತಂತ್ರವಾದ ಒಪ್ಪಿಗೆ, ಅದಕ್ಕೆ ಯಾರನ್ನೂ ಬಲವಂತ ಮಾಡಬಾರದು ಎನ್ನುತ್ತದೆಂದು ಗುರುಗಳು ಅವರಿಗೆ ತೋರಿಸಿದರು. ಇದನ್ನು ನಾನು ಹೇಳಿದ್ದರೆ ಅವರು ಒಪ್ಪುತ್ತಿದ್ದರೆಂಬ ನಂಬಿಕೆ ನನಗಿಲ್ಲ. ಧರ್ಮದ ವಿಷಯ ಬಂದಾಗ ಆಪ್ತಸಲಹೆಗಾರರು ಸಮುದಾಯದ ಹಿರಿಯರ ನೆರವು ಪಡೆಯಲು ಹಿಂಜರಿಯಬಾರದು.

ಮಗಳ ಬಗ್ಗೆ ಯಾರೂ ದೂರಿರಲಿಲ್ಲ. ಎಲ್ಲ ಉತ್ತರಗಳನ್ನೂ ತಪ್ಪಿಲ್ಲದೆ ಒಪ್ಪಿಸುವ ಅವಳನ್ನು ತಂದೆ ಅಣ್ಣನಿಗೆ ಮಾದರಿಯಾಗಿ ತೋರಿಸುತ್ತಿದ್ದರು. ಆ ಹೋಲಿಕೆ ಕೂಡಲೇ ನಿಲ್ಲಬೇಕೆಂದೆ. ಅಣ್ಣನಿಗೆ ಬೈಗುಳ ಬೀಳಬಾರದೆಂದು ತಾನು ಬೇಗ ಬೇಗ ಉತ್ತರ ಹೇಳುತ್ತೇನೆ ಎಂದು ಅವಳು ತಾಯಿಯ ಬಳಿ ಹೇಳಿಕೊಂಡಿದ್ದಳು. ಅವಳೊಡನೆ ಪ್ರತ್ಯೇಕವಾಗಿ ಮಾತನಾಡುವುದು ಮುಂದುವರಿದಿದೆ.

ಈಗ ಮಗ ಭಾನುವಾರದ ಪಾಠದಲ್ಲಿ ಕೂರುತ್ತಾನೆ, ವಾದಿಸುತ್ತಾನೆ, ಒಮ್ಮೊಮ್ಮೆ ತಂದೆಗೆ ಸಿಟ್ಟೂ ಬರುತ್ತದೆ. ಜಪಸರದಲ್ಲಿ ಇನ್ನೂ ಪೂರ್ತಿ ಸೇರುವುದಿಲ್ಲ. ಅದನ್ನು ಲೆಕ್ಕ ಇಡಬೇಡಿರೆಂದು ತಂದೆಗೆ ತಿಳಿಸಿದ್ದೇನೆ. ಈ ವರ್ಷ ಅವನು ದೃಢೀಕರಣ ಸಂಸ್ಕಾರ ಪಡೆಯಬೇಕೆಂದು ಮನೆಯಲ್ಲಿ ಗೊತ್ತಾಗಿತ್ತು. ವಿಶ್ವಾಸವನ್ನು ತಾನೇ ಪ್ರಕಟಿಸಿ, ತಾನೇ ಬಯಸಿ ಪಡೆಯಬೇಕಾದ ಸಂಸ್ಕಾರವಾದ್ದರಿಂದ ಹುಡುಗ ಕೇಳುವವರೆಗೆ ಕಾಯೋಣವೆಂದು ಗುರುಗಳು ಹೇಳಿದ ಮೇಲೆ, ತಂದೆ ಪಟ್ಟಿಯಿಂದ ಅವನ ಹೆಸರನ್ನು ತೆಗೆಸಿದ್ದಾರೆ.